ಜಾರಿನ ತಳ ನೋಡಿ: ವಿಮಾನದ ಇಂಧನದಲ್ಲಿ ನೀರು, ಕಸ ಹಿಡಿಯುವ ದಿನದ ಕೆಲಸ

ಮಂಡ್ಯ ಕಡೆ ಬೆಳಗ್ಗೆ ಕ್ಯಾನ್ ಹಿಡಿದು ಹಾಲಿನ ಡೈರಿ ಮುಂದೆ ನಿಂತವರಿಗೆ ಲ್ಯಾಕ್ಟೋಮೀಟರ್ ಗೊತ್ತು. ಹಾಲಿಗೆ ನೀರು ಬಿದ್ದಿದ್ದರೆ ಅದು ಇನ್ನಷ್ಟು ಮುಳುಗಿ ಗುಟ್ಟು ಬಿಟ್ಟುಕೊಡುತ್ತದೆ. ವಿಮಾನದ ಇಂಧನದಲ್ಲಿ ಈ ಉಪಾಯ ನಡೆಯುವುದಿಲ್ಲ. ಹಾಲಿನ ಜೊತೆ ನೀರು ಬೆರೆಯುತ್ತದೆ. ಇಂಧನದ ಜೊತೆ ಬೆರೆಯದೆ ತಳಕ್ಕೆ ಹೋಗಿ ಕೂರುತ್ತದೆ. ಟ್ಯಾಂಕಿನ ನಡುವಿನಿಂದ ಎಷ್ಟು ಸ್ಯಾಂಪಲ್ ತೆಗೆದು ತೂಗಿದರೂ ಎಲ್ಲ ಸರಿ ಅಂತಲೇ ಕಾಣುತ್ತದೆ. ಕೊನೆಗೆ ಆ ನೀರು ಎಂಜಿನ್ನಿಗೆ ಹೋಗುವುದೂ ಅದೇ ತಳದಿಂದ.

ಮೈಸೂರಿನ ಮಂಡಕಳ್ಳಿಯಲ್ಲಿ ಹಾರಾಟ ಕಲಿಯಲು ಬರುವ ಹುಡುಗ ಹುಡುಗಿಯರಿಗೆ, ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ ಇಂಧನ ತುಂಬಿಸುವ ಕೆಲಸಕ್ಕೆ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವಿಮಾನದ ಕೈಪಿಡಿ ಅಥವಾ ನಿಮ್ಮ ಇಂಧನ ಕಂಪನಿಯ ಕೈಪಿಡಿ ಇದಕ್ಕಿಂತ ಬೇರೆ ಹೇಳಿದರೆ ಅದೇ ಕೊನೆ ಮಾತು.

ಮೊದಲು: ನೀರು ಬರುವುದು ಎಲ್ಲಿಂದ?

ಇಂಧನ ಎರಡು ಬಗೆ. ಟರ್ಬೈನ್ ಎಂಜಿನ್ನಿನ ಎಟಿಆರ್‌ನಂಥ ವಿಮಾನಗಳಿಗೆ ಎಟಿಎಫ್, ಅಂದರೆ ಜೆಟ್ ಎ-1. ಇದು ನಮ್ಮ ಸೀಮೆಎಣ್ಣೆಯ ಕುಲದ್ದು. ಬಣ್ಣವಿಲ್ಲ, ಇದ್ದರೂ ತೆಳು ಹುಲ್ಲಿನ ಬಣ್ಣ. ಪಿಸ್ಟನ್ ಎಂಜಿನ್ನಿನ ಚಿಕ್ಕ ವಿಮಾನಗಳಿಗೆ ಆವ್‌ಗ್ಯಾಸ್ 100ಎಲ್‌ಎಲ್. ಇದು ಪೆಟ್ರೋಲಿನ ಕುಲದ್ದು, ಗುರುತಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಚಿಕ್ಕ ವಿಮಾನ ಅಂದ ಮಾತ್ರಕ್ಕೆ ಆವ್‌ಗ್ಯಾಸ್ ಅಂದುಕೊಳ್ಳಬೇಡಿ. ಡೀಸೆಲ್ ಮಾದರಿ ಎಂಜಿನ್ ಇರುವ ತರಬೇತಿ ವಿಮಾನಗಳಿಗೆ ಎಟಿಎಫ್ ಬೇಕು.

ಇಂಧನದಲ್ಲಿ ನೀರು ಮೂರು ವೇಷದಲ್ಲಿ ಇರುತ್ತದೆ. ಕರಗಿದ್ದು, ತೇಲುತ್ತಿರುವುದು, ತಳ ಸೇರಿದ್ದು. ಕರಗಿದ ನೀರು ಯಾವ ಕಣ್ಣಿಗೂ ಕಾಣುವುದಿಲ್ಲ, ಅದು ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ತೊಂದರೆ ಶುರುವಾಗುವುದು ಇಂಧನ ತಣ್ಣಗಾದಾಗ. ಬಿಸಿ ಇಂಧನ ಜಾಸ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಬಿಟ್ಟುಬಿಡುತ್ತದೆ. ಜೆಟ್ ಇಂಧನಕ್ಕೆ ಒಂದು ಸ್ಥೂಲ ಲೆಕ್ಕ ಇದೆ: ಒಂದು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ನೀರು ಹೊರಬರುತ್ತದೆ.

ಇದನ್ನೇ ನಮ್ಮೂರಿಗೆ ಹಚ್ಚಿ ನೋಡೋಣ. ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್ ಇದ್ದ ಇಂಧನ ಬೆಳಗಿನ ಜಾವಕ್ಕೆ 20ಕ್ಕೆ ಇಳಿಯಿತು ಅನ್ನಿ. ಆ 12 ಡಿಗ್ರಿ ಅಂದರೆ ಫ್ಯಾರನ್‌ಹೀಟಿನಲ್ಲಿ ಸುಮಾರು 22. ಇಂಧನ ನೀರು ಹೀರಿ ತುಂಬಿಕೊಂಡಿದ್ದರೆ, 10,000 ಲೀಟರಿನ ಟ್ಯಾಂಕಿನಲ್ಲಿ ಹೊರಬರುವುದು ಹೆಚ್ಚುಕಡಿಮೆ 220 ಮಿಲಿಲೀಟರ್. ಒಂದು ಲೋಟ ನೀರು. ಯಾರೂ ಸುರಿದಿಲ್ಲ, ಮಳೆ ಬಂದಿಲ್ಲ, ಮುಚ್ಚಳ ಗಟ್ಟಿಯಾಗಿದೆ. ಆದರೂ ರಾತ್ರಿ ಕಳೆಯುವುದರೊಳಗೆ ಒಂದು ಲೋಟ ನೀರು! ಅದಕ್ಕೇ ನೆನ್ನೆ ಸಂಜೆ ತೆಗೆದ ಸ್ಯಾಂಪಲ್ ಇವತ್ತಿನ ಬೆಳಗ್ಗೆಗೆ ಲೆಕ್ಕಕ್ಕೆ ಬರುವುದಿಲ್ಲ.

ಅರ್ಧ ಖಾಲಿ ಇರುವ ಟ್ಯಾಂಕಿನ ಗೋಡೆಗೆ ಗಾಳಿಯ ತೇವ ಬೆವರಿನಂತೆ ಕಟ್ಟಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಸಂಜೆ ಟ್ಯಾಂಕ್ ತುಂಬಿಸಿಡುವುದು ಒಳ್ಳೆ ಅಭ್ಯಾಸವೂ ಹೌದು. ಆದರೆ ಸ್ಯಾಂಪಲ್ ಹಿಡಿಯುವ ಗಾಜಿನ ಜಾರಿನಲ್ಲಿ ಜಾಸ್ತಿ ನೀರು ಕಂಡಾಗಲೆಲ್ಲ ಅದನ್ನೇ ನೆಪ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಮೊದಲು ಇಂಧನದ ಮುಚ್ಚಳ ನೋಡಿ. ಅದರ ರಬ್ಬರ್ ರಿಂಗ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಮೈಸೂರಿನಲ್ಲಿ ಮಳೆ ಬರೀ ಜೂನ್, ಜುಲೈನದ್ದಲ್ಲ. ಮೇ ತಿಂಗಳಲ್ಲೂ, ದಸರಾ ಹೊತ್ತಿನಲ್ಲೂ ಸಂಜೆ ಗುಡುಗಿ ಸುರಿಯುತ್ತದೆ. ರೆಕ್ಕೆಯ ಮೇಲಿನ ಮುಚ್ಚಳದ ಸುತ್ತ ನಿಂತ ನೀರಿಗೆ ಕೂದಲೆಳೆಯ ಬಿರುಕು ಸಾಕು.

ಬ್ಯಾರಲ್ಲಿನಲ್ಲಿ ಇಂಧನ ಇಡುವವರಿಗೆ ಇನ್ನೊಂದು ಮಾತು. ಬ್ಯಾರಲ್ ನೆಟ್ಟಗೆ ನಿಲ್ಲಿಸಿದರೆ ಮೇಲೆ ಮಳೆ ನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಂಪಿಗೆ ಬ್ಯಾರಲ್ ಉಸಿರು ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಬಿರಡೆಯ ಸುತ್ತಲಿನ ನೀರೂ ಒಳಗೆ ಹೋಗುತ್ತದೆ. ಬ್ಯಾರಲ್ಲನ್ನು ಅಡ್ಡ ಮಲಗಿಸಿ. ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ, ಒಂದೇ ಮಟ್ಟದಲ್ಲಿ ಇರಲಿ. ಆಗ ಅವು ಒಳಗಿನಿಂದ ಇಂಧನದಲ್ಲಿ ಮುಳುಗಿರುತ್ತವೆ, ಗಾಳಿ ಎಳೆಯುವುದಿಲ್ಲ.

ಲಾರಿ ಬಂದ ಮೇಲೆ

ಮೈಸೂರಿನಂಥ ಚಿಕ್ಕ ನಿಲ್ದಾಣಕ್ಕೆ ಇಂಧನ ಬರುವುದು ಟ್ಯಾಂಕರ್ ಲಾರಿಯಲ್ಲಿ. ದಾರಿಯುದ್ದಕ್ಕೂ ಕುಲುಕಿಕೊಂಡು ಬಂದಿರುತ್ತದೆ. ಬಂದ ಕೂಡಲೇ ಸ್ಯಾಂಪಲ್ ತೆಗೆದರೆ ನೀರೂ ಕಸವೂ ಇನ್ನೂ ತೇಲುತ್ತಿರುತ್ತವೆ. ಲಾರಿ ಸಮತಟ್ಟು ಜಾಗದಲ್ಲಿ ನಿಲ್ಲಲಿ. ನಿಮ್ಮ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಅಷ್ಟರಲ್ಲಿ ಕಾಗದ ಪತ್ರ, ಸೀಲು, ಬ್ಯಾಚ್ ನಂಬರ್ ನೋಡಿಕೊಳ್ಳಬಹುದು.

ಆಮೇಲೆ ಪ್ರತಿ ಕಂಪಾರ್ಟ್‌ಮೆಂಟಿನ ತಳದಿಂದ ಸ್ಯಾಂಪಲ್. ಒಂದನ್ನು ನೋಡಿ ಉಳಿದವೂ ಹಾಗೇ ಅನ್ನಬೇಡಿ. ಡಿಪ್ ಕಡ್ಡಿಯ ತುದಿಗೆ ವಾಟರ್ ಪೇಸ್ಟ್ ಹಚ್ಚಿ ತಳ ಮುಟ್ಟಿಸಿ. ನೀರು ತಗುಲಿದ ಕಡೆ ಪೇಸ್ಟಿನ ಬಣ್ಣ ಬದಲಾಗುತ್ತದೆ, ಎಷ್ಟು ಎತ್ತರಕ್ಕೆ ಬದಲಾಗಿದೆಯೋ ಅಷ್ಟು ನೀರು. ಇದು ತಳದಲ್ಲಿ ನಿಂತ ನೀರಿಗೆ ಮಾತ್ರ. ತೇಲುವ ನೀರು ಈ ಪೇಸ್ಟಿಗೆ ಸಿಗುವುದಿಲ್ಲ.

ಹೈಡ್ರೋಮೀಟರ್ ಹಿಡಿದು ಸಾಂದ್ರತೆಯನ್ನೂ ನೋಡುತ್ತೇವೆ. ನೀರು ಹುಡುಕಲು ಅಲ್ಲ, ಬೇರೆ ಎಣ್ಣೆ ಬೆರೆತಿದೆಯೇ ಅಂತ ತಿಳಿಯಲು. ಜೆಟ್ ಎ-1 ಸಾಂದ್ರತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಮೀಟರಿಗೆ 775ರಿಂದ 840 ಕಿಲೋ ಒಳಗೆ ಇರಬೇಕು. ಇಲ್ಲಿ ಹೊಸಬರು ಎಡವುತ್ತಾರೆ. ಈ ಮಿತಿಯೊಳಗೆ ಇದ್ದರೆ ಸಾಲದು. ಆ ಬ್ಯಾಚಿನ ಕಾಗದದಲ್ಲಿ ಬರೆದ ಅಂಕಿಗೂ ನಿಮ್ಮ ಅಂಕಿಗೂ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾರಿಯನ್ನು ನಿಲ್ಲಿಸಿ ಕೇಳಬೇಕು.

ಇಳಿಸಿಕೊಂಡ ಮೇಲೆ ನಿಮ್ಮ ಟ್ಯಾಂಕಿನಲ್ಲೂ ತಿಳಿಯಾಗಲು ಬಿಡಬೇಕು. ಜೆಟ್ ಇಂಧನಕ್ಕೆ ಒಂದು ಮೀಟರ್ ಆಳಕ್ಕೆ ಮೂರು ಗಂಟೆ ಅನ್ನುವ ಲೆಕ್ಕ ಬಳಕೆಯಲ್ಲಿದೆ. ಆವ್‌ಗ್ಯಾಸ್ ತೆಳು, ಅದರಲ್ಲಿ ನೀರು ಬೇಗ ಇಳಿಯುತ್ತದೆ.

ಬಿಳಿ ಬಕೆಟ್, ಗಾಜಿನ ಜಾರ್

ದಿನಾ ಮಾಡುವ ಕೆಲಸ ಇದೇ. ಯಾವ ಯಂತ್ರ ಬಂದರೂ ಇದಕ್ಕೆ ಬದಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಕೆಟ್ ಲೋಹದ್ದಾಗಿರಬೇಕು, ಒಳಗೆ ಬಿಳಿ ಎನಾಮಲ್ ಇರಬೇಕು. ಮನೆಯ ಪ್ಲಾಸ್ಟಿಕ್ ಬಕೆಟ್ ತರಬೇಡಿ. ಇಂಧನ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಪ್ಲಾಸ್ಟಿಕ್‌ನಲ್ಲಿ ಅದಕ್ಕೆ ಹೋಗಲು ದಾರಿ ಇಲ್ಲ. ಒಂದು ಕಿಡಿ ಸಾಕು. ಮೊದಲು ಬಾಂಡಿಂಗ್ ತಂತಿ, ಅಂದರೆ ಆ ವಿದ್ಯುತ್ತಿಗೆ ಹೋಗಲು ದಾರಿ ಕೊಡುವ ತಂತಿ, ಆಮೇಲೆ ವಾಲ್ವ್. ಬಕೆಟ್ ತೊಳೆಯಲು ಸೋಪಿನ ಪುಡಿ ಬಳಸಬೇಡಿ. ಸೋಪಿನ ಅಂಶ ನೀರನ್ನೂ ಇಂಧನವನ್ನೂ ಬೇರೆಯಾಗಲು ಬಿಡುವುದಿಲ್ಲ, ಫಿಲ್ಟರನ್ನೂ ಕೆಡಿಸುತ್ತದೆ. ಅದೇ ಇಂಧನದಲ್ಲಿ ಅಲಸಿ ಚೆಲ್ಲುವ ಕ್ಯಾನಿಗೆ ಸುರಿದರೆ ಸಾಕು.

ಫಿಲ್ಟರಿನ ಡ್ರೈನ್‌ನಿಂದ, ಅಂದರೆ ತಳದ ನೀರು, ಕಸ ಹೊರಬಿಡುವ ಕಿಂಡಿಯಿಂದ ತೆಗೆಯುವಾಗ ಒಳಗೆ ಒತ್ತಡ ಇರಲಿ, ವಾಲ್ವ್ ಪೂರ್ತಿ ತೆರೆಯಿರಿ. ಸುಮ್ನೆ ಹನಿ ಹನಿಯಾಗಿ ಬಿಟ್ಟರೆ ಪೈಪಿನಲ್ಲಿದ್ದದ್ದು ಮಾತ್ರ ಬರುತ್ತದೆ, ತಳದ ಕೆಸರು ಅಲ್ಲೇ ಉಳಿಯುತ್ತದೆ. ಮನೆಯ ಸಂಪ್ ತೊಳೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಜಾರನ್ನು ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿಸಿ. ಸುಳಿ ಏಳಬೇಕು. ಸುಳಿ ನಿಲ್ಲುತ್ತಾ ಬಂದಂತೆ ಕಸ, ನೀರಿನ ಹನಿ ಎಲ್ಲ ತಳದ ನಡುವೆ ಬಂದು ಕೂಡಿಕೊಳ್ಳುತ್ತವೆ. ಮೊರದಲ್ಲಿ ಅಕ್ಕಿ ಕೇರುವಾಗ ಕಲ್ಲು ಒಂದು ಕಡೆ ಸೇರುತ್ತದಲ್ಲ, ಹಾಗೆ. ಈಗ ನೋಡಿ.

ನೋಡಬೇಕಾದದ್ದು ಎರಡು. ಇಂಧನ ತಿಳಿಯಾಗಿದೆಯೇ, ಹೊಳೆಯುತ್ತಿದೆಯೇ. ತಿಳಿ ಅಂದರೆ ಕಸ, ಮಸುಕು ಇಲ್ಲ. ಹೊಳಪು ಅಂದರೆ ಬೆಳಕಿಗೆ ಹಿಡಿದರೆ ಮಿಂಚಬೇಕು. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಸುಕು ಕಂಡರೆ ಗಾಬರಿ ಬೇಡ, ಎರಡು ನಿಮಿಷ ಇಟ್ಟು ನೋಡಿ. ಗಾಳಿಯ ಗುಳ್ಳೆಯಿಂದ ಬಂದ ಮಸುಕಾದರೆ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಗುತ್ತದೆ, ಯಾಕೆಂದರೆ ಗುಳ್ಳೆ ಮೇಲೇರುತ್ತದೆ. ನೀರಿನ ಮಸುಕಾದರೆ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತದೆ, ನೀರು ಕೆಳಗಿಳಿಯುತ್ತದೆ. ಇಷ್ಟು ಸರಳ ವಿಷಯವನ್ನು ನನಗೆ ಯಾರೋ ಹೇಳಿಕೊಡುವ ಹೊತ್ತಿಗೆ ನಾನು ಎಷ್ಟೋ ಒಳ್ಳೆ ಸ್ಯಾಂಪಲ್ ಚೆಲ್ಲಿದ್ದೆ.

ಕಸದ ಬಣ್ಣವೂ ಕಥೆ ಹೇಳುತ್ತದೆ. ಕೆಂಪು ಕಂದು ಪುಡಿ ಅಂದರೆ ತುಕ್ಕು, ಅದರ ಹಿಂದೆ ಎಲ್ಲೋ ನೀರು ಇದ್ದೇ ಇದೆ. ಹೊಳೆಯುವ ಚೂರು ಅಂದರೆ ಅಲ್ಯೂಮಿನಿಯಂ, ಪಂಪನ್ನೋ ಜೋಡಣೆಯನ್ನೋ ಅನುಮಾನಿಸಿ. ಕಪ್ಪು ಮೆತ್ತನೆ ತುಣುಕು ಹೋಸ್ ಪೈಪಿನ ಒಳಗಿನ ರಬ್ಬರ್. ಎಳೆ ಎಳೆ ಕಂಡರೆ ಒರೆಸುವ ಬಟ್ಟೆಯದ್ದು, ಇಲ್ಲವೇ ಹರಿದ ಫಿಲ್ಟರಿನದ್ದು. ನಮ್ಮ ಕೆಮ್ಮಣ್ಣಿನ ಧೂಳನ್ನು ತುಕ್ಕು ಅಂದುಕೊಳ್ಳುವುದೂ ಉಂಟು. ಅನುಮಾನ ಬಂದರೆ ಜಾರಿನ ಹೊರಗೆ ಅಯಸ್ಕಾಂತ ಹಿಡಿಯಿರಿ. ಕಬ್ಬಿಣದ ಕಪ್ಪು ತುಕ್ಕು ಓಡಿ ಬರುತ್ತದೆ. ಕೆಂಪು ತುಕ್ಕು ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಬರಲಿಲ್ಲ ಅಂದ ಮಾತ್ರಕ್ಕೆ ಮಣ್ಣೇ ಅಂತ ತೀರ್ಮಾನಿಸಬೇಡಿ.

ಕಣ್ಣಿಗೆ ಕಾಣದ್ದು

ಬರಿಗಣ್ಣಿಗೆ ಕಾಣುವುದು ಸುಮಾರು 40 ಮೈಕ್ರಾನ್ ತನಕ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದಕ್ಕಿಂತ ಸಣ್ಣ ಕಣ ಒಂದೊಂದಾಗಿ ಕಾಣುವುದಿಲ್ಲ. ತೇಲುವ ನೀರು 30 ಪಿಪಿಎಂ ಮುಟ್ಟುವ ಹೊತ್ತಿಗೆ ಮಸುಕಾಗಿ ಕಾಣಲು ಶುರುವಾಗುತ್ತದೆ. ಅಂದರೆ ಸಾವಿರ ಲೀಟರಿಗೆ 30 ಮಿಲಿಲೀಟರ್. ಬೈಟು ಕಾಫಿಯ ಲೋಟದಲ್ಲಿ ಅರ್ಧದಷ್ಟು.

ಅದಕ್ಕಿಂತ ಕಡಿಮೆ ನೀರನ್ನು ಹಿಡಿಯಲು ಜೆಟ್ ಇಂಧನಕ್ಕೆ ಬಣ್ಣ ಬದಲಾಯಿಸುವ ಕ್ಯಾಪ್ಸೂಲ್ ಇದೆ. ಸಿರಿಂಜಿನ ತುದಿಗೆ ಸಿಕ್ಕಿಸಿ 5 ಮಿಲಿಲೀಟರ್ ಎಳೆದರೆ, ಹಳದಿ ಇದ್ದದ್ದು ನೀರಿದ್ದರೆ ಹಸಿರಿಗೆ ತಿರುಗುತ್ತದೆ. ಇದರಲ್ಲಿ ಎಡವಟ್ಟಾಗುವುದು ಪರೀಕ್ಷೆಯಲ್ಲಲ್ಲ, ಡಬ್ಬಿಯಲ್ಲಿ. ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ನಿಂತರೆ ಗಾಳಿಯ ತೇವವೇ ಕ್ಯಾಪ್ಸೂಲನ್ನು ಕೆಡಿಸುತ್ತದೆ. ಒಂದು ತೆಗೆಯಿರಿ, ಕೂಡಲೇ ಮುಚ್ಚಿ. ಎಳೆಯುವ ಮೊದಲೇ ಬಣ್ಣ ತಿರುಗಿದೆಯಾ ನೋಡಿ. ಡಬ್ಬಿಯ ಮೇಲಿನ ಅವಧಿ ಮುಗಿದಿದ್ದರೆ ಎಸೆಯಿರಿ, ಉಳಿಸಬೇಡಿ.

ಸಣ್ಣ ಕಣಗಳಿಗೆ ಮೆಂಬ್ರೇನ್ ಪರೀಕ್ಷೆ. 0.8 ಮೈಕ್ರಾನ್ ರಂಧ್ರದ ಬಿಳಿ ಹಾಳೆಯ ಮೂಲಕ ಇಂಧನ ಹರಿಸಿ, ಹಾಳೆಯ ಬಣ್ಣವನ್ನು ಅಂಕಿ ಹಾಕಿದ ಪಟ್ಟಿಯ ಜೊತೆ ಹೋಲಿಸುತ್ತಾರೆ. ತೂಕ ಹಾಕುವ ವಿಧಾನವೂ ಇದೆ, ಅಲ್ಲಿ ಲೀಟರಿಗೆ 1 ಮಿಲಿಗ್ರಾಂ ಅನ್ನುವುದು ಮೀರಬಾರದ ಗೆರೆ. ಇದು ದಿನಾ ಮಾಡುವ ಕೆಲಸವಲ್ಲ, ನಿಮ್ಮ ಕಂಪನಿಯ ವೇಳಾಪಟ್ಟಿಯಂತೆ ನಡೆಯುತ್ತದೆ.

ಫಿಲ್ಟರಿನ ಗೇಜ್ ಕೆಳಗಿಳಿದರೆ ಖುಷಿಪಡಬೇಡಿ

ಬೌಸರಿನ, ಅಂದರೆ ವಿಮಾನಕ್ಕೆ ಇಂಧನ ತುಂಬಿಸುವ ಲಾರಿಯ ಫಿಲ್ಟರಿಗೆ ಒಂದು ಗೇಜ್ ಇರುತ್ತದೆ. ಒಳಹೋಗುವ ಕಡೆಗೂ ಹೊರಬರುವ ಕಡೆಗೂ ಒತ್ತಡ ಎಷ್ಟು ಬೇರೆ ಅಂತ ತೋರಿಸುತ್ತದೆ. ಎಲ್ಲರೂ ಇದನ್ನು ಡಿಪಿ ಅನ್ನುತ್ತಾರೆ. ಫಿಲ್ಟರಿಗೆ ಕಸ ತುಂಬಿದಂತೆ ಡಿಪಿ ಏರುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಆದರೆ 15 ಪಿಎಸ್‌ಐ (ಒತ್ತಡದ ಅಳತೆ) ಮುಟ್ಟುವ ಹೊತ್ತಿಗೆ ಬದಲಾಯಿಸುತ್ತಾರೆ.

ಏರಿದರೆ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಇಳಿದರೆ? ಕಳೆದ ವಾರ 8 ಇತ್ತು, ಇವತ್ತು ಅಷ್ಟೇ ವೇಗದಲ್ಲಿ ಹರಿಯುವಾಗ 3 ಇದೆ. ಫಿಲ್ಟರ್ ತಾನೇ ತಾನು ಕ್ಲೀನ್ ಆಗಿಬಿಟ್ಟಿತೇ? ಆಗುವುದಿಲ್ಲ ಅಲ್ವಾ. ಒಳಗಿನ ಸೋಸುವ ಭಾಗ, ಅಂದರೆ ಎಲಿಮೆಂಟ್ ಹರಿದಿರಬೇಕು, ಇಲ್ಲವೇ ಸರಿಯಾಗಿ ಕೂತಿಲ್ಲ. ಇಂಧನ ಸೋಸದೇ ಪಕ್ಕದಿಂದ ಹೋಗುತ್ತಿದೆ. 5 ಪಿಎಸ್‌ಐನಷ್ಟು ಇಳಿದರೆ ಕೆಲಸ ನಿಲ್ಲಿಸಿ, ತೆರೆದು ನೋಡಲೇಬೇಕು. ಒಂದು ಷರತ್ತು: ಎರಡು ಅಂಕಿಗಳೂ ಒಂದೇ ಹರಿವಿನ ವೇಗದಲ್ಲಿ ಓದಿದ್ದಾಗಿರಬೇಕು. ನಿಧಾನ ಹರಿಸಿದರೆ ಡಿಪಿ ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಡಿಪಿ ಬರೆಯುವಾಗ ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಅಂತಲೂ ಬರೆಯಿರಿ. ಬರೀ ಡಿಪಿ ಬರೆದ ಪುಸ್ತಕಗಳನ್ನು ನಾನು ತುಂಬಾ ನೋಡಿದ್ದೇನೆ. ಅವು ಯಾವ ಕೆಲಸಕ್ಕೂ ಬರುವುದಿಲ್ಲ.

ಫಿಲ್ಟರೇ ಕಸವಾಗಿ ಹೋದ ಘಟನೆಯೂ ಇದೆ. 2010ರ ಏಪ್ರಿಲ್ 13ರಂದು ಇಂಡೋನೇಷ್ಯಾದ ಸುರಬಯದಿಂದ ಹಾಂಗ್‌ಕಾಂಗಿಗೆ ಹೊರಟ ಕ್ಯಾಥೆ ಪೆಸಿಫಿಕ್‌ನ ಏರ್‌ಬಸ್ ಎ330. ಸುರಬಯದಲ್ಲಿ ನೆಲದಡಿಯ ಇಂಧನ ಪೈಪಿನ ಕಾಮಗಾರಿ ನಡೆದಿತ್ತು, ಉಪ್ಪು ನೀರು ಒಳಗೆ ಸೇರಿತ್ತು. ಅಲ್ಲಿದ್ದ ಫಿಲ್ಟರಿನೊಳಗೆ ನೀರು ಹೀರುವ ಪುಡಿ ಇತ್ತು, ಮಕ್ಕಳ ಡೈಪರಿನಲ್ಲಿ ಇರುತ್ತದಲ್ಲ, ಅದೇ ಜಾತಿಯದ್ದು. ಉಪ್ಪು ನೀರಿಗೆ ಅದು ಸಣ್ಣ ಗುಂಡುಗಳಾಗಿ ಇಂಧನದ ಜೊತೆ ವಿಮಾನಕ್ಕೆ ಹೋಯಿತು. ಇಂಧನ ತುಂಬಿಸುವಾಗಲೇ ಹೋಸ್ ಪೈಪ್ ಅದುರಿತ್ತು. ಹಾಂಗ್‌ಕಾಂಗ್ ಹತ್ತಿರ ಬರುವ ಹೊತ್ತಿಗೆ ಎರಡೂ ಎಂಜಿನ್ನುಗಳು ಪೈಲಟ್ ಮಾತು ಕೇಳಲಿಲ್ಲ. ಒಂದು ಜಾಸ್ತಿ ವೇಗದಲ್ಲೇ ಸಿಕ್ಕಿಕೊಂಡಿತ್ತು, ಇನ್ನೊಂದು ಕಡಿಮೆಯಲ್ಲಿ. ಗಂಟೆಗೆ 420 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿದರು. ಎಲ್ಲರೂ ಬದುಕಿದರು. ಆಮೇಲೆ ಆ ಬಗೆಯ ಫಿಲ್ಟರನ್ನೇ ಬಿಟ್ಟುಬಿಡುವ ಕಡೆಗೆ ಇಡೀ ಉದ್ಯಮ ಹೊರಳಿತು.

ಹೋಸ್ ಅದುರಿದರೆ, ಪಂಪಿನ ಸದ್ದು ಬದಲಾದರೆ ನಿಲ್ಲಿಸಿ. ವಿಮಾನ ತಡವಾದರೆ ಬೈಯುತ್ತಾರೆ, ಬೈಯಲಿ.

ವಿಮಾನದ ಕೆಳಗೆ

ದಿನದ ಮೊದಲ ಹಾರಾಟಕ್ಕೆ ಮುಂಚೆ, ಮತ್ತು ಪ್ರತಿ ಸಲ ಇಂಧನ ತುಂಬಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಎಲ್ಲ ಡ್ರೈನ್‌ಗಳಿಂದಲೂ ಸ್ಯಾಂಪಲ್ ತೆಗೆಯಬೇಕು. ಎಲ್ಲ ಅಂದರೆ ಎಲ್ಲ. ಸೆಸ್ನಾ 172ಎಸ್‌ನಲ್ಲಿ ಒಟ್ಟು 13 ಇವೆ, ರೆಕ್ಕೆಗೆ ಐದೈದು, ಹೊಟ್ಟೆಯಡಿ ಮೂರು. ಹತ್ತು ಮುಗಿದ ಮೇಲೆ ಬಗ್ಗಲು ಬೇಜಾರಾಗುತ್ತದೆ, ಗೊತ್ತು. ಹೊಟ್ಟೆಯಡಿಯವು ಎಲ್ಲಕ್ಕಿಂತ ತಗ್ಗಿನಲ್ಲಿವೆ, ಅವನ್ನೇ ಬಿಟ್ಟರೆ ಹೇಗೆ?

ನಾನು ಕೆಲಸ ಕಲಿಯುತ್ತಿದ್ದ ಕಾಲದ ಒಂದು ಬೆಳಗ್ಗೆ ಹೇಳುತ್ತೇನೆ. ಭಾನುವಾರ ರಾತ್ರಿ ಪೂರ್ತಿ ಮಳೆ. ವಿಮಾನ ಬಯಲಲ್ಲಿ ನಿಂತಿತ್ತು. ಸೋಮವಾರ ಆರು ಗಂಟೆಗೆ ಜಾರ್ ಹಿಡಿದೆ. ಗೆರೆ ಇಲ್ಲ, ಹನಿ ಇಲ್ಲ, ಕಸ ಇಲ್ಲ, ಮೇಲಿಂದ ಕೆಳಗಿನ ತನಕ ಒಂದೇ ತಿಳಿ ನೀಲಿ. “ಸರಿ ಇದೆ ಸಾರ್” ಅಂದೆ. ಹಿರಿಯ ಮೆಕ್ಯಾನಿಕ್ ಜಾರ್ ಈಸಿಕೊಂಡು ಒಂದು ಹನಿ ಬೆರಳಿಗೆ ಹಚ್ಚಿಕೊಂಡರು.

“ವಾಸನೆ ಬರ್ತಾ ಇದೆಯಾ?”

“ಇಲ್ಲ ಸಾರ್.”

“ವಾಸನೆ ಇಲ್ಲದ ಪೆಟ್ರೋಲು ಯಾವ ಬಂಕಲ್ಲಿ ಸಿಗುತ್ತಪ್ಪಾ?”

ಜಾರ್ ತುಂಬಾ ಬರೀ ನೀರು. ನೀಲಿ ನನ್ನ ಅಂಗಿಯದ್ದು. ಏಳು ಜಾರ್ ಚೆಲ್ಲಿದ ಮೇಲೆ ಎಂಟನೆಯದರಲ್ಲಿ ಗೆರೆ ಕಂಡಿತು. ಮುಚ್ಚಳದ ರಬ್ಬರ್ ಸೀಳಿತ್ತು.

ಗೆರೆ ಕಾಣಬೇಕಾದರೆ ಎರಡೂ ಇರಬೇಕು. ಪೂರ್ತಿ ನೀರಾದರೆ ಗೆರೆ ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ಪ್ರಶ್ನೆ “ನೀರಿದೆಯಾ” ಅಲ್ಲ, “ಇಂಧನ ಇದೆಯಾ”. ಜಾರನ್ನು ಆಕಾಶದ ಎದುರು ಹಿಡಿಯಬೇಡಿ, ಬಿಳಿ ಕಾಗದದ ಎದುರು ಹಿಡಿಯಿರಿ. ಇನ್ನೂ ಅನುಮಾನವಿದ್ದರೆ ಬೇಕೆಂದೇ ಒಂದೆರಡು ಹನಿ ನೀರು ಹಾಕಿ. ಇಂಧನವಾದರೆ ಹನಿ ಮಣಿಯಾಗಿ ತಳಕ್ಕೆ ಉರುಳುತ್ತದೆ, ನೀರಾದರೆ ಹನಿ ಮಾಯವಾಗುತ್ತದೆ. ಬಣ್ಣವಿಲ್ಲದ ಎಟಿಎಫ್‌ಗೆ ಇದು ಇನ್ನೂ ಮುಖ್ಯ. ಆವ್‌ಗ್ಯಾಸ್‌ಗೆ ಎಟಿಎಫ್ ಬೆರೆತಿರುವ ಅನುಮಾನವಿದ್ದರೆ ಕಾಗದದ ಮೇಲೆ ಒಂದು ಹನಿ ಬಿಡಿ. ಬರೀ ಆವ್‌ಗ್ಯಾಸ್ ಆರಿಹೋಗುತ್ತದೆ. ಎಟಿಎಫ್ ಇದ್ದರೆ ಬೋಂಡ ಕಟ್ಟಿದ ಪೇಪರಿನಂತೆ ಜಿಡ್ಡಿನ ಉಂಗುರ ಉಳಿಯುತ್ತದೆ.

ಲೋಳೆ ಕಂಡರೆ

ನೀರು ಉಳಿದ ಟ್ಯಾಂಕಿನಲ್ಲಿ ಜೀವ ಹುಟ್ಟುತ್ತದೆ. ಎಟಿಎಫ್‌ನಲ್ಲಿ, ನೀರೂ ಎಣ್ಣೆಯೂ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹೊಟ್ಟೆಗೆ ಎಣ್ಣೆ, ವಾಸಕ್ಕೆ ನೀರು. ಜಾರಿನಲ್ಲಿ ಕಂದು ಅಥವಾ ಕಪ್ಪು ಲೋಳೆ, ಗೆರೆಯ ಜಾಗದಲ್ಲಿ ಕೆನೆಯಂಥ ಪದರ, ಕೊಳೆತ ಮೊಟ್ಟೆ ವಾಸನೆ ಕಂಡರೆ ಅದೇ. ಫಿಲ್ಟರ್ ಕಟ್ಟುತ್ತದೆ, ಅದು ಬಿಡುವ ಆಮ್ಲಕ್ಕೆ ಲೋಹ ತಿಂದುಹೋಗುತ್ತದೆ.

ಔಷಧಿ ಹಾಕುವ ತೀರ್ಮಾನ ನಿಮ್ಮದಲ್ಲ, ಎಂಜಿನಿಯರ್‌ದು. ಅಳತೆ ತಪ್ಪಿದರೆ ಔಷಧಿಯೇ ಅಪಾಯ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಿಂದ ಹೊರಟ ಒಂದು ಏರ್‌ಬಸ್ ಎ321ರ ಎರಡೂ ಎಂಜಿನ್ನುಗಳು ಏರುವಾಗಲೇ ತೊಂದರೆ ಕೊಟ್ಟವು. ಬೂಷ್ಟಿನ ಔಷಧಿಯನ್ನು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಾಕಿದ್ದರು. ನಿಮ್ಮ ಪಾಲಿನ ಕೆಲಸ ಒಂದೇ, ತಳದ ನೀರನ್ನು ದಿನಾ ತೆಗೆಯುವುದು. ವಾಸಕ್ಕೆ ಜಾಗ ಇಲ್ಲದಿದ್ದರೆ ಬೂಷ್ಟು ಬೆಳೆಯುವುದಿಲ್ಲ.

ಬರೆದಿಡುವುದು, ಚೆಲ್ಲುವುದು

ಪುಸ್ತಕದಲ್ಲಿ “ಸರಿ ಇದೆ” ಅಂತ ಬರೆದರೆ ಏನೂ ಬರೆದಂತಲ್ಲ. ಎಷ್ಟು ಮಿಲಿಲೀಟರ್ ನೀರು, ಯಾವ ಡ್ರೈನ್, ಕಸದ ಬಣ್ಣ ಏನು, ಹಿಂದಿನ ರಾತ್ರಿ ಮಳೆ ಇತ್ತೇ, ಅಷ್ಟನ್ನೂ ಬರೆಯಿರಿ. ಎಡ ರೆಕ್ಕೆಯಲ್ಲಿ ಮಾತ್ರ ನಾಲ್ಕು ದಿನದಿಂದ ಎರಡೆರಡು ಹನಿ ಬರುತ್ತಿದೆ ಅಂದರೆ ಅದು ಹವಾಮಾನವಲ್ಲ, ಎಡಗಡೆಯ ಮುಚ್ಚಳ. ಮೂರು ಸಲ ತೆಗೆದರೂ ನೀರು ನಿಲ್ಲಲಿಲ್ಲ ಅಂದರೆ ವಿಮಾನ ಅಲ್ಲೇ ನಿಲ್ಲಲಿ, ಎಂಜಿನಿಯರನ್ನು ಕರೆಯಿರಿ. ಅದೇ ಬೌಸರಿನಿಂದ ಇನ್ಯಾವ ವಿಮಾನಕ್ಕೆ ತುಂಬಿಸಿದ್ದೀರಿ ಅಂತಲೂ ಕೂಡಲೇ ಹೇಳಿ. ಒಂದು ಬಾಟಲಿ ಸ್ಯಾಂಪಲ್ಲಿಗೆ ಚೀಟಿ ಅಂಟಿಸಿ ಎತ್ತಿಡಿ.

ತೆಗೆದ ಇಂಧನವನ್ನು ಹುಲ್ಲಿನ ಮೇಲೆ ಚೆಲ್ಲಬೇಡಿ, ಟ್ಯಾಂಕಿಗೆ ವಾಪಸ್ ಸುರಿಯಬೇಡಿ. ಸ್ಕೂಟರಿಗೆ ಹಾಕಿಕೊಳ್ಳುವ ಆಸೆ ಎಲ್ಲರಿಗೂ ಒಂದು ಸಲ ಬರುತ್ತದೆ. ಆವ್‌ಗ್ಯಾಸ್‌ನಲ್ಲಿ ಲೀಟರಿಗೆ 0.56 ಗ್ರಾಂ ತನಕ ಸೀಸ ಇರಬಹುದು. ಮೈಗೂ ವಿಷ, ಸ್ಕೂಟರಿನ ಸೈಲೆನ್ಸರ್ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಸಹ ಹಾಳು. ಎಟಿಎಫ್‌ಗೆ ಒಂದು, ಆವ್‌ಗ್ಯಾಸ್‌ಗೆ ಒಂದು ಮುಚ್ಚಳದ ಲೋಹದ ಕ್ಯಾನ್ ಇಟ್ಟು, ದೊಡ್ಡ ಅಕ್ಷರದಲ್ಲಿ “ಚೆಲ್ಲಿದ್ದು, ಬಳಸಬೇಡಿ” ಅಂತ ಬರೆಯಿರಿ. ಪಕ್ಕದಲ್ಲೇ ಟೀ ಕುಡಿಯುವ ಜಾಗ ಇದ್ದರೆ ಕ್ಯಾನನ್ನು ಇನ್ನೂ ದೂರ ಇಡಿ.